ಮಾವ ಕಟ್ಟಿದ ಬುತ್ತಿ

ನಮ್ಮ ಸೋದರಮಾವನ ಕೈಯಡುಗೆ ಉಂಡೂ ಬದುಕಿ ಉಳಿದಿರುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬಳು! ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಯುದ್ಧಕ್ಕೆ ಹೋಗಿ ಬಂದವರಿಗೆ ಸರ್ಕಾರ ಪದಕವನ್ನಾದರೂ ಕೊಡುತ್ತದೆ. ನಮಗೆ ಯಾರೂ ಹೊಟ್ಟೆಯುರಿಯ ಗುಳಿಗೆ ಕೂಡ ಕೊಡಲಿಲ್ಲವಲ್ಲ ಎಂಬ ಸಂಕಟಕ್ಕೆ ಹೇಳುತ್ತಿದ್ದೇನೆ.

ಮಾವ ಕೊಟ್ಟೂರಿನಲ್ಲಿ ಟೇಲರ್. ಅವನು ಹೊಲಿದ ಅಂಗಿ ತೊಟ್ಟರೆ ಗೂನುಬೆನ್ನಿನವನೂ ನೆಟ್ಟಗೆ ನಿಲ್ಲುತ್ತಾನೆಂದು ಕೂಡ್ಲಿಗಿಯಿಂದ ಜನ ಬಟ್ಟೆ ಹಿಡಿದು ಬರುತ್ತಿದ್ದರು. ಅಡುಗೆಮನೆಯ ವಿಷಯಕ್ಕೆ ಬಂದರೆ, ಮದುವೆಯಾದಂದಿನಿಂದ ಐವತ್ತು ದಾಟುವವರೆಗೆ ಅವನು ಅದರ ಹೊಸ್ತಿಲು ತುಳಿದವನಲ್ಲ. ನೀರು ಬೇಕಾದರೂ ಹೊರಗಿನಿಂದಲೇ ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಚಹಾ. ನಿಜವಾಗಿ ನೆಗಡಿಯಾದಾಗ ಪಾಪ, ಅತ್ತೆ ದಿನವಿಡೀ ಒಳಗೂ ಹೊರಗೂ ಓಡಾಡುತ್ತಿದ್ದಳು!

ಮಾವನಿಗೆ ಊರೂರು ತಿರುಗುವ ಹುಚ್ಚಿತ್ತು. ಆದರೆ ಊರು ನೋಡಲಿಕ್ಕಲ್ಲ, ಅತ್ತೆ ಕಟ್ಟಿಕೊಡುವ ಬುತ್ತಿಗಾಗಿ. ಜೋಳದ ರೊಟ್ಟಿ, ಜೋಳದ ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಡಬ್ಬಿ ಕೆನೆಮೊಸರು. ಕೂಡ್ಲಿಗಿಗೆ ಗುಂಡಿ ತರಲು ಹೋಗುವುದಿದ್ದರೂ ಬುತ್ತಿ ಬೇಕು, ಜೊತೆಗೆ ಅತ್ತೆಯೂ ಬೇಕು. "ಮನ್ಯಾಗ ಉಣ್ಣೋದು ಹೊಟ್ಟಿಗೆ, ಬಸ್ಸಿನಾಗ ಉಣ್ಣೋದು ಜೀವಕ್ಕ" ಎನ್ನುತ್ತಿದ್ದ. ಡ್ರೈವರ್ ಬಸ್ಸನ್ನು ನಿಲ್ದಾಣದಿಂದ ಹಿಂದಕ್ಕೆ ತೆಗೆಯುತ್ತಿರುವಾಗಲೇ ಇವನು ಗಂಟು ಬಿಚ್ಚಿರುತ್ತಿದ್ದ. ಕಿಟಕಿಯಿಂದ ಗಾಳಿ ಬಂದರೆ ಬಸ್ಸಿಗೆ ಬಸ್ಸೇ ಬೆಳ್ಳುಳ್ಳಿ ಒಗ್ಗರಣೆಯ ಘಮ ಕುಡಿಯುತ್ತಿತ್ತು.

ಇಂಥ ಮನೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವಾ. ಬಲಗೈ ಹೋಯಿತು, ಬಲಗಾಲು ಎಳೆಯುವಂತಾಯಿತು, ಮಾತು ನಿಂತಿತು. ಎಸ್‌ಟಿಡಿ ಬೂತಿನಿಂದ ಮಾವ ನಮಗೆ ಸುದ್ದಿ ಹೇಳಿದಾಗ ಹಗರಿಬೊಮ್ಮನಹಳ್ಳಿಯಿಂದ ನಾನೂ ಅವ್ವನೂ ಓಡಿದೆವು. ಮಕ್ಕಳಿಲ್ಲದ ಮನೆ. ಒಲೆ ಆರಿ ತಣ್ಣಗಾಗಿತ್ತು. ಅದರ ಮುಂದೆ ಮಾವ ಟೇಪು ಕೊರಳಿಗೆ ಹಾಕಿಕೊಂಡೇ ಕೂತಿದ್ದ.

ಒಂದು ತಿಂಗಳಾದ ಮೇಲೆ ಅತ್ತೆಗೆ ಮಾತು ಬಂತೆಂದು ಫೋನು ಬಂತು. ಏನು ಮಾತು? "ಉಪ್ಪು!" ಅದೊಂದೇ. ಮಾವನಿಗೆ ಅಷ್ಟೇ ಸಾಕಾಯಿತು. ಅಷ್ಟು ಹೊತ್ತಿಗೆ ಅಡುಗೆಗೆ ಇಳಿದಿದ್ದನಲ್ಲ, ಸಾರಿಗೆ ಉಪ್ಪು ಸುರಿದ. ಅತ್ತೆ ಬಾಯಿಗಿಟ್ಟು ಮುಖ ಕಿವುಚಿ "ಉಪ್ಪು" ಎಂದಳು. ಇನ್ನಷ್ಟು ಸುರಿದ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು "ಉಪ್ಪು, ಉಪ್ಪು" ಎಂದಳು. ಹೀಗೆ ಒಂದು ವಾರ ಆ ಮನೆಯಲ್ಲಿ ಸಮುದ್ರವೇ ಕುದಿಯಿತು! ಅವ್ವ ಹೋಗಿ ಕೂತಾಗ ಅತ್ತೆ ಕಿಟಕಿ ತೋರಿಸಿ "ಉಪ್ಪು" ಎಂದಳು, ಅವ್ವನ ಸೀರೆಯ ಅಂಚು ಸವರಿ ಮೆಚ್ಚುಗೆಯಿಂದ "ಉಪ್ಪು" ಎಂದಳು. ಅವ್ವ ಹಣೆ ಚಚ್ಚಿಕೊಂಡಳು.

"ಲೇ ತಮ್ಮಾ, ಆಕಿಗೆ ಉಳಿದಿರೋದು ಅದೊಂದ ಮಾತು. ಎಲ್ಲಾಕೂ ಅದನ್ನ ಅಂತಾಳ. ನೀ ಏನು ಹೆಣ್ತೀನ ಉಪ್ಪಿನಕಾಯಿ ಹಾಕಾಕ ಹೊಂಟೀಯೇನು?"

ನಾವು ನಕ್ಕೆವು. ಮಾವ ನಗಲಿಲ್ಲ. "ಹಂಗಾರ ಆಕಿಗೆ ಏನು ಬೇಕಂತ ನನಗ ಹೆಂಗ ತಿಳೀಬೇಕು ಅಕ್ಕಾ?" ಎಂದ.

ಕಷ್ಟವಿದ್ದದ್ದು ಅಲ್ಲೇ. ಅತ್ತೆ ಉಣ್ಣುತ್ತಿರಲಿಲ್ಲ. ಯಾರು ಮಾಡಿಕೊಟ್ಟರೂ ಎರಡು ತುತ್ತು, ಆಮೇಲೆ ಎಡಗೈಯಿಂದ ತಟ್ಟೆಯನ್ನು ತಳ್ಳಿಬಿಡುತ್ತಿದ್ದಳು. ಪಕ್ಕದ ಮನೆಯವರ ಮುದ್ದಿಪಲ್ಯ ತಳ್ಳಿದಳು, ಹೋಟೆಲಿನ ಇಡ್ಲಿ ತಳ್ಳಿದಳು. ದಿನೇ ದಿನೇ ಇಳಿದುಹೋದಳು. "ಹೊಟ್ಟಿಗೆ ಬೀಳದಿದ್ರ ಔಷಧ ಏನು ಮಾಡತೈತ್ರಿ?" ಎಂದು ಡಾಕ್ಟರು ಕೈಚೆಲ್ಲಿದರು. ಆಕೆಯ ಕೈರುಚಿಯನ್ನೇ ಆಕೆಗೆ ಉಣಿಸಿದರೆ ತಟ್ಟೆ ಖಾಲಿಯಾದೀತು ಎಂದು ಮಾವ ತೀರ್ಮಾನಿಸಿದ. ಅಲ್ಲಿಂದ ನಮ್ಮೆಲ್ಲರ ದುರ್ದೆಸೆ ಶುರುವಾಯಿತು!

ಟೇಲರನಿಗೆ ಅಳತೆ ಬೇಕು. ಅತ್ತೆಯ ಅಳತೆಯೋ ಮುಷ್ಟಿ, ಚಿಟಿಕೆ, ಕಣ್ಣಂದಾಜು. ಜೋಳದ ಹಿಟ್ಟೇನು ಬಟ್ಟೆಯೇ, ಹೇಳಿದ ಹಾಗೆ ಕೇಳಲಿಕ್ಕೆ? ಬಡಿದರೆ ಒಂದು ಕಡೆ ಹರಿಯಿತು, ಇನ್ನೊಂದು ಕಡೆ ಬಾಲ ಬಿಟ್ಟಿತು. ಮಾವ ಅಂಗಡಿಯ ಕತ್ತರಿ ತಂದು ರೊಟ್ಟಿಯ ಅಂಚನ್ನು ದುಂಡಗೆ ಕತ್ತರಿಸಿದ. ನಡುವೆ ಹರಿದಲ್ಲಿ ಹಸಿಹಿಟ್ಟಿನ ತೇಪೆ ಹಾಕಿದ. ನಾನು ಬೆರಗಾಗಿ ನೋಡುತ್ತಿದ್ದರೆ, "ನೋಡವ್ವ, ಫಿಟ್ಟಿಂಗ್ ಹೆಂಗೈತಿ!" ಎಂದ. ಫಿಟ್ಟಿಂಗ್ ಚೆನ್ನಾಗಿಯೇ ಇತ್ತು. ಹಲ್ಲಿಗೆ ಮಾತ್ರ ಆಗಲಿಲ್ಲ.

ನಾನಾಗ ಟಿ.ಸಿ.ಎಚ್. ಮುಗಿಸಿ ಟೀಚರ್ ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಕೆಲಸವಿಲ್ಲದವಳ ನಾಲಿಗೆಗೆ ಕೆಲಸ ಕೊಟ್ಟವನು ಮಾವ. ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬೆಳಗಿನ ಬಸ್ಸಿಗೆ ಡಬ್ಬಿ ಹಿಡಿದುಕೊಂಡು ನಮ್ಮೂರಿಗೆ ಬರುತ್ತಿದ್ದ.

"ಹೆಂಗೈತಿ?"

"ಚಲೋ ಐತಿ ಮಾವ."

"ಸುಳ್ಳ ಹೇಳಬ್ಯಾಡ. ನಿಮ್ಮತ್ತಿ ಮಾಡಿದಂಗ ಐತೋ ಇಲ್ಲೋ?"

ಇಲ್ಲ ಎಂದರೆ ಅವನ ಮುಖ ನೋಡಲಾಗದು. ಹೌದು ಎಂದರೆ ಅದನ್ನೇ ಮತ್ತೆ ಮಾಡಿ ತರುತ್ತಾನೆ. ನಾನು ಏನು ಹೇಳಬೇಕಿತ್ತು ನೀವೇ ಹೇಳಿ! ಉಳಿದ ಪಲ್ಯವನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದೆ. ಅದು ಮೂಸಿತು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿತು. ನಾನೇನು ತಪ್ಪು ಮಾಡಿದ್ದೆ ಎಂದು ಕೇಳುವ ಹಾಗಿತ್ತು ಆ ನೋಟ.

ಈ ನಡುವೆ ಹಡಗಲಿಯ ಆಚೆ, ಮೈಲಾರದ ದಾರಿಯ ಹಳ್ಳಿಯೊಂದರಲ್ಲಿ ಲಕ್ವಾಕ್ಕೆ ಎಣ್ಣೆ ತಿಕ್ಕುವವರಿದ್ದಾರೆಂದು ಯಾರೋ ಹೇಳಿದರು. ಹದಿನೈದು ದಿನಕ್ಕೊಮ್ಮೆ ಹೋಗಿ ಅವರ ಅಂಗಳದಲ್ಲೇ ಎರಡು ದಿನ ಉಳಿಯಬೇಕು, ಅಡುಗೆ ನಾವೇ ಮಾಡಿಕೊಳ್ಳಬೇಕು. ಮಾವ ಪಂಪ್ ಸ್ಟವ್ ಕಟ್ಟಿಕೊಂಡು ಹೊರಟ. ಬಸ್ಸಿನಲ್ಲಿ ಕಂಡಕ್ಟರು ಗಂಟನ್ನು ಮುಟ್ಟಿ ನೋಡಿದ.

"ಏನ್ರಿ ಯಜಮಾನ್ರ ಇದು?"

"ಹೊಲಿಗಿ ಮಿಷಿನ್ನಿನ ಸಾಮಾನ್ರಿ."

"ಸೀಮೆಎಣ್ಣಿ ವಾಸನಿ ಹೊಡೀತೈತಲ್ರಿ?"

"ಹಳೇ ಮಿಷಿನ್ರಿ, ಸೀಮೆಎಣ್ಣೀಲೆ ನಡೀತೈತಿ!"

ಕಂಡಕ್ಟರು ಕೈಯಲ್ಲಿದ್ದ ಟಿಕೇಟನ್ನು ಹರಿಯುವುದನ್ನೂ ಮರೆತು ನಿಂತ. ಆಮೇಲೆ ಅತ್ತೆಯ ಸೋತ ಕೈಯನ್ನು ನೋಡಿದನೋ ಏನೋ, ಎಣ್ಣೆ ಖಾಲಿ ಮಾಡಿಸಿ ಸ್ಟವ್ವನ್ನು ಸುಮ್ಮನೆ ಸೀಟಿನ ಕೆಳಗೆ ತಳ್ಳಿದ.

ಆ ಹಳ್ಳಿಯ ಬೂತಿನಿಂದ ಒಂದು ಮಧ್ಯಾಹ್ನ ನಮ್ಮ ಪಕ್ಕದ ಮನೆಗೆ ಫೋನು ಬಂತು. ಗಾಬರಿಯಿಂದ ಓಡಿದೆವು. ಮಾವ ಕೂಗುತ್ತಿದ್ದ: "ಅಕ್ಕಾ, ಪುಂಡಿಸೊಪ್ಪು ಬೆಂದೈತಿ. ಬಳ್ಳೊಳ್ಳಿ ಕುದಿಯಾಗ ಹಾಕ್ಲೋ, ಒಗ್ಗರಣ್ಯಾಗ ಹಾಕ್ಲೋ?"

ಅವ್ವ ಬಾಯಿ ತೆರೆಯುವ ಮೊದಲೇ ಆ ಕಡೆ ಸರದಿಯಲ್ಲಿ ನಿಂತಿದ್ದವರ ದನಿ ಕೇಳಿಸಿತು. "ಒಗ್ಗರಣ್ಯಾಗ ಹಾಕ್ರಿ!" "ಯಾವನಂವ ಹೇಳಿದಾಂವ? ಕುದಿಯಾಗ ಹಾಕಬೇಕು!" "ನಿಮ್ಮೂರಾಗ ಹಾಕ್ತಿರಬೇಕು, ಅದಕ ನಿಮ್ಮೂರಿಗೆ ಯಾರೂ ಹೆಣ್ಣು ಕೊಡಂಗಿಲ್ಲ!" ಅಲ್ಲಿ ಹೊಯ್‌ಕೈ ಆಗುವ ಹೊತ್ತಿಗೆ ಅವ್ವ ತಣ್ಣಗೆ ಕೇಳಿದಳು: "ಅಲ್ಲೋ ತಮ್ಮಾ, ನೀ ಬೂತಿನಾಗ ನಿಂತ್ರ ಒಲಿ ಮ್ಯಾಲಿಂದು ಯಾರು ನೋಡ್ತಾರ?"

ಮಾವ ಓಡಿರಬೇಕು. ರಿಸೀವರು ಗೋಡೆಗೆ ಟಣ್ ಟಣ್ ಬಡಿಯುವುದಷ್ಟೇ ಕೇಳಿಸಿತು. ಪಲ್ಯವಂತೂ ಸೀದಿತ್ತು. ಅಂದು ಅವನು ಪಾತ್ರೆಯ ತಳ ಕೆರೆಯುತ್ತ ಅತ್ತನೆಂದು ಅಂಗಳದಲ್ಲಿದ್ದ ಬೇರೆ ರೋಗಿಯ ಕಡೆಯವರು ಆಮೇಲೆ ಹೇಳಿದರು.

ಮುಂದಿನ ಸಲ ಜೊತೆಗೆ ನಾನು ಹೋದೆ. ಹೊರಡುವ ಬೆಳಿಗ್ಗೆ ಕೊಟ್ಟೂರಿನ ಮನೆಯಲ್ಲಿ ಮಾವ ಎಂದಿನಂತೆ ಪಲ್ಯದ ಸೌಟನ್ನು ನನ್ನ ಮುಂದೆ ಹಿಡಿದ. ದೇವರನ್ನು ನೆನೆದು ಬಾಯಿಗಿಟ್ಟೆ. ಇಟ್ಟವಳು ಹಾಗೇ ನಿಂತೆ. ಆ ಹುಳಿ, ಆ ನುಚ್ಚಿನ ತರಿತರಿ, ಕೊನೆಗೆ ಗಂಟಲಲ್ಲಿ ಉಳಿಯುವ ಆ ಹಸಿಮೆಣಸಿನಕಾಯಿಯ ಚುರುಕು! ಅತ್ತೆಯ ಪಲ್ಯವೇ.

"ಮಾವ, ಬಂತು," ಎಂದೆ.

"ಖರೇನ?"

"ನಿನ್ನಾಣಿ ಮಾವ."

ಅವನು ಆ ಪಲ್ಯವನ್ನು ಒಂದು ಹನಿಯೂ ಚೆಲ್ಲದಂತೆ ಡಬ್ಬಿಗೆ ತುಂಬಿದ. ಅಂದು ಬಸ್ಸಿನಲ್ಲಿ ಅವನು ಗಂಟು ಬಿಚ್ಚಲಿಲ್ಲ, ಮಡಿಲಲ್ಲಿಟ್ಟುಕೊಂಡೇ ಕೂತ. ಹರಪನಹಳ್ಳಿ ಕಳೆದು ಹಡಗಲಿ ಬಂತು. ಮೈಲಾರದ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅತ್ತೆಯನ್ನು ಒರಗಿಸಿ ಕೂರಿಸಿ, ತಟ್ಟೆಯಿಟ್ಟು, ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟ.

ಅತ್ತೆ ಅಗಿದಳು. ಅಗಿಯುತ್ತ ಅಗಿಯುತ್ತ ಕಣ್ಣು ಮುಚ್ಚಿದಳು. ಇನ್ನೊಂದು ತುತ್ತು ತಿಂದಳು. ಆಮೇಲೆ ಎಡಗೈ ಮೇಲೆದ್ದು ತಟ್ಟೆಯನ್ನು ತಳ್ಳಿತು.

"ಇದೂ ಅಲ್ಲೇನ?" ಮಾವನ ದನಿ ಒಡೆಯಿತು. "ಸಾಕವ್ವ. ಇನ್ನ ನನ್ನ ಕೈಲೆ ಆಗಂಗಿಲ್ಲ. ನಾ ಏನು ಮಾಡಿದ್ರೂ ಈಕಿ ಉಳಿಯಂಗಿಲ್ಲ." ಅಷ್ಟು ಜನರ ನಡುವೆ ಬೆಂಚಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೂತುಬಿಟ್ಟ.

ಆ ಬೆನ್ನನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಮೈಗೆ ಅಚ್ಚೊತ್ತಿದ ಹಾಗೆ ಅಂಗಿ ಹೊಲಿದುಕೊಳ್ಳುವ ಮನುಷ್ಯ; ಅದೇ ಅಂಗಿ ಅವನ ಹೆಗಲಿನಿಂದ ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿತ್ತು. ನಾವೆಲ್ಲ ಅತ್ತೆ ಇಳಿದಳೆಂದು ಅತ್ತೆಯನ್ನೇ ನೋಡುತ್ತಿದ್ದೆವು.

"ಮಾವ, ನೀ ಉಂಡಿಯೇನು?"

"ಆಕಿ ಉಣ್ಲಿ ಮದ್ಲ."

"ನಿನ್ನೆ?"

ಮಾವ ಜೋಲುತ್ತಿದ್ದ ಅಂಗಿಯನ್ನು ಎಳೆದು ಸರಿಮಾಡಿಕೊಂಡ.

ಅತ್ತೆ ನನ್ನ ಕಡೆ ನೋಡಿದಳು. ಅಂತೂ ಒಬ್ಬರಾದರೂ ಕೇಳಿದರಲ್ಲ ಎಂಬಂತೆ ನೋಡಿದಳು. ಮತ್ತೆ ತಟ್ಟೆ ತಳ್ಳಿದಳು. ಅದು ಜಾರಿಕೊಂಡು ಹೋಗಿ ಮಾವನ ಸೊಂಟಕ್ಕೆ ತಾಗಿ ನಿಂತಿತು. ಆಕೆ ಇಷ್ಟು ದಿನ ತಟ್ಟೆಯನ್ನು ತಳ್ಳುತ್ತಿದ್ದದ್ದು ಬೇಡವೆಂದಲ್ಲ, ಅವನ ಕಡೆಗೆ.

ಮಾವ ತಿರುಗಿದ. ಅತ್ತೆ ಎಡಗೈ ಒಂದರಲ್ಲೇ ರೊಟ್ಟಿ ಮುರಿಯಲು ನೋಡಿದಳು. ರೊಟ್ಟಿ ಜಾರಿತು. ನಾನು ಹಿಡಿಯಲು ಹೋದರೆ ಕಣ್ಣಲ್ಲೇ ಗದರಿದಳು. ಕೊನೆಗೆ ಅಂಗೈಯಿಂದ ಅದುಮಿ, ಒಂದು ಚೂರು ಮುರಿದು, ಪಲ್ಯಕ್ಕೆ ಅದ್ದಿ ಮಾವನ ಬಾಯಿಯ ಹತ್ತಿರ ಒಯ್ದಳು. ಎಡಗೈಯಲ್ಲಿ ಯಾರಾದರೂ ಅಡಿಕೆ ಕೊಟ್ಟರೂ ಸಿಡುಕುತ್ತಿದ್ದ ಮನುಷ್ಯ ಬಾಯಿ ತೆರೆದ. ಅರ್ಧ ಒಳಗೆ ಹೋಯಿತು, ಅರ್ಧ ಮೀಸೆಗೆ ಹತ್ತಿತು.

"ಉಣ್ತೀನಿ, ಉಣ್ತೀನಿ," ಎನ್ನುತ್ತ, ಅಗಿಯುತ್ತ, ಅಳುತ್ತ, ಅವನು ಆಕೆಗೊಂದು ತುತ್ತು ಇಟ್ಟ. ಆಕೆ ಉಂಡಳು. ಅವನಿಗೊಂದು ಇಟ್ಟಳು. ನಮ್ಮ ಬಸ್ಸು ಬಂದು, ನಿಂತು, ಹೋಯಿತು. ಯಾರೂ ಏಳಲಿಲ್ಲ.

ಆಮೇಲೆ ಅತ್ತೆಗೆ ಪೂರ್ತಿ ಗುಣವಾಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಎಣ್ಣೆಯಿಂದ ಕೈ ಎದ್ದು ಬರಲಿಲ್ಲ, ಮಾತು ಮರಳಲಿಲ್ಲ. ಎಣ್ಣೆ ತಿಕ್ಕಿಸುವುದನ್ನು ಬಿಟ್ಟರು, ಬಸ್ಸು ಹತ್ತುವುದನ್ನು ಬಿಡಲಿಲ್ಲ. ಕೂಡ್ಲಿಗಿಗೆ, ಹರಪನಹಳ್ಳಿಗೆ, ಸುಮ್ಮನೆ ಒಂದು ಬುತ್ತಿ ಬಿಚ್ಚಲಿಕ್ಕೆಂದು ಹೋಗಿ ಬರುತ್ತಿದ್ದರು. ಮೀಸೆಗೆ ತಾಗುವ ಪಲ್ಯ ಅಂಗಿಗೆ ಬೀಳದಿರಲೆಂದು ಮಾವ ತನಗೇ ಒಂದು ಎದೆವಸ್ತ್ರ ಹೊಲಿದುಕೊಂಡಿದ್ದ, ಅದಕ್ಕೊಂದು ಜೇಬು ಬೇರೆ! ಹೀಗೆ ಕೆಲವು ವರ್ಷ ನಡೆಯಿತು. ಒಂದು ಚಳಿಗಾಲದಲ್ಲಿ ಲಕ್ವಾ ಎರಡನೆಯ ಸಲ ಬಂತು. ಅತ್ತೆ ಹೋದಳು.

ಅದಾಗಿ ಎಷ್ಟೋ ತಿಂಗಳ ಮೇಲೆ ನಮ್ಮೂರಿನ ಒಂದು ಮದುವೆಯಲ್ಲಿ ನಾನು ಅನ್ನ ಬಡಿಸುತ್ತಿದ್ದೆ. ಪಂಕ್ತಿಯ ತುದಿಯಲ್ಲಿ ಗುಸುಗುಸು ಎದ್ದಿತು. ಹಿರಿಯರೊಬ್ಬರು ಮುಖ ಸಿಂಡರಿಸಿ ಪಕ್ಕಕ್ಕೆ ಸರಿದು ಕೂತರು. ನೋಡಿದರೆ ಮಾವ. ಎಲೆಯ ಮುಂದೆ ತಲೆ ಬಗ್ಗಿಸಿ, ಎಡಗೈಯಲ್ಲಿ ಅನ್ನ ಕಲಸಿ, ಚೆಲ್ಲುತ್ತ ಉಣ್ಣುತ್ತಿದ್ದ.

ನಾನು ಬಾಗಿ ಮೆಲ್ಲಗೆ ಕೇಳಿದೆ. "ಮಾವ, ಬಲಗೈಗೆ ಏನಾತು?"

"ಏನೂ ಆಗಿಲ್ಲವ್ವ," ಎಂದ. "ಆ ಕೈಲೆ ಉಂಡ್ರ ಹೊಟ್ಟಿ ತುಂಬಂಗಿಲ್ಲ."

ನಾನು ಅನ್ನದ ಬುಟ್ಟಿಯನ್ನು ಕೆಳಗಿಟ್ಟು, ಅವನ ನೀರಿನ ಲೋಟವನ್ನು ಎಡದಿಂದ ಎತ್ತಿ ಬಲಗೈಗೆ ಸಿಗುವಂತೆ ಇಟ್ಟೆ.