ಗಾಳಿಯ ಪಾಲಿನ ಮುದ್ದೆ

ನನ್ನ ತಮ್ಮನಷ್ಟು ಗಾಳಿಗೆ ಹೆದರುವ ಪ್ರಾಣಿ ಹುಣಸೂರು ಸೀಮೆಯಲ್ಲೇ ಇಲ್ಲ! ದೆವ್ವದ ಗಾಳಿಗಲ್ಲ ಸ್ವಾಮಿ, ಬೀಸುವ ಗಾಳಿಗೆ!

ರಿಟೈರ್ ಆಗುವವರೆಗೂ ಅವನದು ಕರೆಂಟಿನ ಕೆಲಸ. ಕಂಬ ಹತ್ತುವುದಲ್ಲ, ನಾಳೆ ಯಾವ ಹೊತ್ತಿಗೆ ಎಲ್ಲಿಂದ ಎಷ್ಟು ಕರೆಂಟು ತರಬೇಕೆಂದು ಇವತ್ತೇ ಬರೆದಿಡುವುದು. ಎರಡನೇ ಕ್ಲಾಸು ಓದಿದ ನನಗೆ ಇದೆಲ್ಲ ತಿಳಿಯುತ್ತದೆಯೇ? ಒಲೆ ಮುಂದೆ ಕೂತು ಪಾಠ ಹೇಳಿದ.

"ನೋಡಕ್ಕ, ಕಲ್ಲಿದ್ದಲು ಅಂದ್ರೆ ಹುರುಳಿಕಾಳು. ಹಿಂದಿನ ದಿನವೇ ನೆನೆಹಾಕ್ಬೇಕು. ಅಣೆಕಟ್ಟೆ ನೀರು ಅಂದ್ರೆ ಕುದೀತಿರೋ ಎಸರು, ರಾಗಿಟ್ಟು ಸುರಿದ್ರೆ ಗಳಿಗೇಲಿ ಮುದ್ದೆ!"

"ಗಾಳಿ?"

"ಅಡುಗೆ ತತ್ತೀನಿ ಅಂದ ನೆಂಟ! ಒಂದಿನ ಕುಕ್ಕೆಗಟ್ಲೆ ತತ್ತಾನೆ, ಒಂದಿನ ಬರಿಗೈಲಿ ಬತ್ತಾನೆ. ಅದಕ್ಕೇ ಎಸರು ಇಳಿಸಂಗೇ ಇಲ್ಲ ಕಣಕ್ಕ!"

ಇಷ್ಟು ಬುದ್ಧಿವಂತನಲ್ಲವೇ ಎಂದು ಮರಿಮಗನ ನಾಮಕರಣದ ಬಾಡೂಟವನ್ನು ಅವನಿಗೇ ವಹಿಸಿದೆ. ಸಾರು ನಮ್ಮದು, ಒತ್ತು ಶಾವಿಗೆ ರಾವಂದೂರಿನ ಬೀಗರದು. ಇವನು ಬೀಗರನ್ನು ನಂಬಲಿಲ್ಲ. ಎರಡು ಹಂಡೆ ಎಸರಿಟ್ಟ. ಅವನೆಂದಂತೆಯೇ ಆಯಿತು! ಬೀಗರ ಗಾಡಿ ಪಿರಿಯಾಪಟ್ಟಣದಲ್ಲಿ ಕೆಟ್ಟು ನಿಂತಿತು.

"ನಾ ಏಳಿರ್ಲಿಲ್ವಾ? ಎಸರೈತೆ!" ಎಂದು ಕುಣಿದಾಡಿದ.

"ರಾಗಿಟ್ಟೆಲ್ಲೋ?"

ಮಿಲ್ಲಿನಲ್ಲಿ! ತರುವುದನ್ನೇ ಮರೆತಿದ್ದ!

"ಎಲೆ ಮುಂದೆ ಕೂತವರಿಗೆ ಬಿಸಿನೀರು ಬಡಿಸ್ಲೇನ್ಲಾ? ಇನ್ನು ನಿನ್ನ ಮನೇಲಿ ಒಂದು ತುತ್ತು ಉಂಡ್ರೆ ಕೇಳು!" ಎಂದೆ. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಆದರೂ ಮೂರು ವರ್ಷ ಹನಗೋಡಿನ ಅವನ ಮನೆಯ ಹೊಸಿಲು ತುಳಿಯಲಿಲ್ಲ. ಮಾತು ಅಂದಮೇಲೆ ಮಾತು.

ಮೊನ್ನೆ ಆಷಾಢದ ಗಾಳಿಗೆ ಅವನ ಮನೆಯ ಹೆಂಚು ಹಾರಿತಂತೆ. ಗಾಳಿಯ ಲೆಕ್ಕ ಹಾಕುವವನ ಹೆಂಚೇ! ಆಡಿಕೊಂಡು ನಗುವುದಕ್ಕೆಂದೇ ಗಾವಡಗೆರೆಯಲ್ಲಿ ಬಸ್ಸು ಹತ್ತಿದೆ, ಯಾರಿಗೂ ಹೇಳದೆ.

ನಕ್ಕು ಮುಗಿಸಿ ಕಾಲು ತೊಳೆಯುವಷ್ಟರಲ್ಲಿ ಎಲೆ ಮೇಲೆ ಬಿಸಿ ಮುದ್ದೆ!

"ನಾನು ಬರ್ತೀನಂತ ಯಾರು ಏಳಿದ್ರೋ?"

ತಮ್ಮ ತನ್ನ ಎಲೆ ಹಾಕಿಕೊಂಡು ಪಕ್ಕದಲ್ಲಿ ಕೂತ. ಅವನ ಹೆಂಡತಿಯೇ ಹೇಳಿದಳು: "ಯಾರೂ ಏಳಿಲ್ಲ ಅತ್ಗೆಮ್ಮ. ಮೂರು ವರ್ಸದಿಂದ ದಿನಾ ಇದೇ ರಂಪ. ನಾವು ಉಂಡಾದ್ಮೇಲೂ ಎಸರು ಇಳಿಸಂಗಿಲ್ಲ! 'ಅಕ್ಕ ಬಂದ್ರೂ ಬರಬೋದು' ಅಂತಾರೆ."

"ಈಗ ರಾಗಿಟ್ಟೂ ಪಕ್ಕದಲ್ಲೇ ಮಡಗ್ತೀನಿ ಕಣಕ್ಕ," ಎಂದು ತಮ್ಮ ಮೆಲ್ಲಗೆ ಸೇರಿಸಿದ.

ನಾನೇನೂ ಅಳಲಿಲ್ಲ. ಉಂಡೆ. ಮುಗಿಸಿ, "ಇನ್ನೊಂದು ಆಕು," ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಒಂದೇ ಮುದ್ದೆಯ ಹಿಟ್ಟು ಎತ್ತಿಟ್ಟಿದ್ದನಂತೆ, ಮಿಕ್ಕಿದ್ದು ಮಿಲ್ಲಿನಲ್ಲಿ! ಇನ್ನೂ ಕೈ ಹಚ್ಚದ ತನ್ನ ಮುದ್ದೆಯನ್ನು ಎರಡು ಮಾಡಿ, ದೊಡ್ಡ ಪಾಲನ್ನು ನನ್ನ ಎಲೆಗಿಟ್ಟ.