ಮಾಳಿಗೆಯ ಮೇಲೆ ಒಣಗಿದ ಬಬಲ್ ಟೀ

ಬಸುರಿಯ ಬಯಕೆಗೆ ಇಂಥದೇ ಎಂಬ ನಿಯಮವಿಲ್ಲ. ನನ್ನ ಕಾಲದಲ್ಲಿ ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಟ್ಟರೆ ಬಯಕೆ ತೀರಿತು ಎನ್ನುತ್ತಿದ್ದರು. ನನಗೆ ಅದು ಸಾಲಲಿಲ್ಲ, ಒಲೆಯ ಮಣ್ಣು ಕೆರೆದು ತಿನ್ನುತ್ತಿದ್ದೆ. ನಮ್ಮತ್ತೆ ಬೈಯಲಿಲ್ಲ. ವಾರಕ್ಕೊಮ್ಮೆ ಹೊಸ ಮಣ್ಣು ಮೆತ್ತಿ, "ತಿನ್ನಬೇ, ಆದ್ರ ಒಂದ ಕಡಿಗೇ ಕೆರೀಬ್ಯಾಡ, ಗಡಿಗಿ ವಾಲತದ" ಎಂದಳು. ಅಂಥ ಅತ್ತೆಯ ಕೈಕೆಳಗೆ ಬಾಳಿದವಳು ನಾನು. ಮೊಮ್ಮಗ ಮೌನೇಶನ ಹೆಂಡತಿ ಅಂಜಲಿ ಬಸುರಿಯಾದಾಗ, ಅವಳು ಏನು ಕೇಳಿದರೂ ಮುಖ ಸಿಂಡರಿಸಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಆದರೆ ಅವಳು ಏನೂ ಕೇಳಲಿಲ್ಲ. ರೊಟ್ಟಿ ತಿಂದರೆ ವಾಂತಿ, ಅನ್ನ ಉಂಡರೆ ವಾಂತಿ, ಕಡೆಗೆ ನೀರು ಕುಡಿದರೂ ವಾಂತಿ. ರಾಯಚೂರಿನಲ್ಲಿ ಬೆಳೆದ ಹುಡುಗಿ. ನಮ್ಮೂರು ಮಸರಕಲ್ಲಿಗೆ ಸೊಸೆಯಾಗಿ ಬಂದಾಗ ಮಾತಾಡುತ್ತಲೇ ಇದ್ದ ಅವಳ ಬಾಯಿ ಮುಚ್ಚಿಸಲು ಹಬ್ಬದ ಹೋಳಿಗೆ ಬೇಕಾಗಿತ್ತು. ಈಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನನಗೆ ಅವಳ ವಾಂತಿಗಿಂತ ಅವಳ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು. ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅವಳ ಕಣ್ಣು ನೋಡಿ, ತೂಕ ನೋಡಿ, "ಏನರ ಹೊಟ್ಟ್ಯಾಗ ನಿಲ್ಲಬೇಕ್ರಿ. ಇಲ್ಲಂದ್ರ ಮುಂದಿನ ವಾರ ಅಡ್ಮಿಟ್ ಮಾಡಿ ಸಲೈನ್ ಹಚ್ಚತೀವಿ" ಎಂದರು.

ಹೊರಗೆ ಬಂದಾಗ ಎದುರಿಗೆ ಬಣ್ಣಬಣ್ಣದ ದೀಪದ ಅಂಗಡಿ. ಅಂಜಲಿ ಅದರ ಮುಂದೆ ನಿಂತಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಬಾಯಿ ತೆರೆದು, "ಬಬಲ್ ಟೀ ಕುಡೀಲೇನ್ರಿ ಅಜ್ಜಿ?" ಎಂದಳು. ಮೂರು ಗ್ಲಾಸು ಬಂದವು. ತಣ್ಣಗಿನ ಚಹಾ. ಆರಿದ ಚಹಾವನ್ನು ನಾವು ಗಿಡದ ಬುಡಕ್ಕೆ ಚೆಲ್ಲುವವರು, ಇಲ್ಲಿ ಅದಕ್ಕೆ ಬರ್ಫ ಬೇರೆ ಹಾಕಿದ್ದರು. ತಳದಲ್ಲಿ ಕರಿ ಗುಂಡುಗಳು. "ಕುರಿ ಹಿಕ್ಕಿ ಇದ್ದಂಗ ಅದಾವಲ್ಲೋ" ಎಂದೆ. ನಾನು ಮೆಲ್ಲಗೇ ಹೇಳಿದ್ದು, ಆದರೆ ಹೊಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಅಂಗಡಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಗ್ಲಾಸಿನೊಳಗೆ ಬಗ್ಗಿ ನೋಡಿದರು. ಹಠಕ್ಕೆ ಬಿದ್ದು ಆ ದಪ್ಪ ಕೊಳವೆಯಿಂದ ಎಳೆದೆ. ಗುಂಡು ನಾಲಿಗೆಯ ಮೇಲೆ ನಿಲ್ಲದೆ ಸೀದಾ ಗಂಟಲಿಗೆ ಹೋಯಿತು. ಕೆಮ್ಮಿದ ರಭಸಕ್ಕೆ ಅದು ಹೊರಬಂದು ಎಲ್ಲಿ ಬಿತ್ತೋ ಗೊತ್ತಿಲ್ಲ, ಮೌನೇಶ ಮಾತ್ರ ಬೇಗ ಬೇಗ ಬಿಲ್ಲು ಕೊಟ್ಟು ನಮ್ಮನ್ನು ಹೊರಡಿಸಿದ.

ಬಸ್ಸಿನಲ್ಲಿ ನಾನು ಪ್ಲಾಸ್ಟಿಕ್ ಚೀಲ ತೆರೆದು ಹಿಡಿದು ಕುಳಿತೆ. ದಾರಿಯಲ್ಲಿನ ಕಲ್ಮಲ ಊರು ದಾಟುವುದರೊಳಗೆ ವಾಂತಿ ಆಗೇ ಆಗುತ್ತದೆ ಎಂಬ ನಂಬಿಕೆ ನನ್ನದು. ಕಲ್ಮಲ ದಾಟಿತು, ಹುಡುಗಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮನೆ ಮುಟ್ಟಿದರೂ ವಾಂತಿ ಇಲ್ಲ. ಚೀಲ ಹಿಡಿದ ನನ್ನ ಕೈಗೆ ಜೋಮು ಹಿಡಿದಿತ್ತು, ಅಷ್ಟೆ. ಮರುದಿನ ಮತ್ತೆ ಶುರುವಾಯಿತು. ಮೌನೇಶ ರಾಯಚೂರಿಗೆ ಹೋಗಿ ಥರ್ಮಾಸಿನಲ್ಲಿ ಅದೇ ಚಹಾ ತಂದ. ಬಸ್ಸಿನ ಕುಲುಕಾಟಕ್ಕೋ ತಡವಾದದ್ದಕ್ಕೋ ಗುಂಡುಗಳು ಕಲ್ಲಾಗಿದ್ದವು, ಹಾಲು ಹುಳಿ ವಾಸನೆ ಹೊಡೆಯುತ್ತಿತ್ತು. ಅಷ್ಟರಲ್ಲಿ ಬೀಗಿತ್ತಿಯ ಫೋನು. "ನಿಮ್ಮ ಮ್ಯಾಲೇನೂ ಸಿಟ್ಟಿಲ್ರಿ. ಸೋಮವಾರ ಬಂದು ಮಗಳನ್ನ ಕರ್ಕೊಂಡು ಹೋಗ್ತೀನಿ" ಎಂದಳು. ಸಿಟ್ಟಿಲ್ಲ ಎಂದು ಯಾರಾದರೂ ತಾವಾಗಿಯೇ ಹೇಳಿದರೆ ಎಷ್ಟು ಸಿಟ್ಟಿದೆ ಎಂದು ಅಳೆಯಲು ನನಗೆ ಬರುತ್ತದೆ.

"ಮನ್ಯಾಗೇ ಮಾಡೂಣು" ಎಂದೆ. ಮೌನೇಶ ಮೊಬೈಲಿನಲ್ಲಿ ನೋಡಿ, "ಅಜ್ಜಿ, ಸಾಬಕ್ಕಿ ಹಿಟ್ಟಿಗೆ ಕುದಿಯೋ ಬೆಲ್ಲದ ನೀರು ಹಾಕಿ ನಾದಬೇಕಂತ" ಎಂದ. ಅಷ್ಟು ಕೇಳಿದ್ದೇ ತಡ, ಮುಂದಿನದು ಕೇಳುವ ತಾಳ್ಮೆ ನನಗಿರಲಿಲ್ಲ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಲೇ ಮುದುಕಿಯಾದವಳು, ನನಗೇನು ಹೇಳಿಕೊಡುತ್ತಾನೆ? ನಮ್ಮಲ್ಲಿ ಮದುವೆಗೆ ಮುಂಚೆ ಹೆಣ್ಣುಮಕ್ಕಳು ಕೂಡಿ, ಪಾಯಸಕ್ಕೆಂದು ಗೋಧಿ ಕಣಕದಿಂದ ಪರಡಿ, ಗವಲಿ, ಸೌತೆಬೀಜ ಎಂಬ ಕಾಳಿನಾಕಾರದ ಶಾವಿಗೆ ಹೊಸೆಯುವ ಪದ್ಧತಿ. ಪಕ್ಕದ ಮನೆಯ ಯಲ್ಲಮ್ಮನನ್ನು ಕರೆದೆ. ಇಬ್ಬರೂ ಕುಳಿತು ಗುಂಡು ಹೊಸೆದೆವು. ಯಲ್ಲಮ್ಮ ಅಭ್ಯಾಸಬಲದಿಂದ ಸೋಬಾನೆ ಪದವನ್ನೂ ಎತ್ತಿಕೊಂಡಳು. ಆಮೇಲೆ, ಪರಡಿಗೆ ಮಾಡುವ ಹಾಗೆಯೇ, ಬಿಳಿ ಧೋತರ ಹಾಸಿ ಮಾಳಿಗೆಯ ಮೇಲೆ ಒಣಹಾಕಿದೆ. ರಾಯಚೂರು ಸೀಮೆಯ ಬಿಸಿಲನ್ನು ನಾನು ವರ್ಣಿಸಬೇಕಿಲ್ಲ. ಎರಡು ದಿನಕ್ಕೆ ಗುಂಡುಗಳೆಲ್ಲ ಎರೆಭೂಮಿಯ ಹಾಗೆ ಬಿರುಕುಬಿಟ್ಟವು. ಕುದಿಯುವ ನೀರಿಗೆ ಹಾಕಿದರೆ ಒಂದೂ ಉಳಿಯದೆ ಕರಗಿ, ಗೋಡೆಗೆ ಪೋಸ್ಟರ್ ಅಂಟಿಸುವ ಗಂಜಿಯಾಯಿತು. ಅದರ ವಾಸನೆಗೆ ಅಂಜಲಿ ಬಚ್ಚಲಿಗೆ ಓಡಿದಳು. ಭಾನುವಾರದ ಮಧ್ಯಾಹ್ನ ಅದು. ಮರುದಿನ ಬೀಗಿತ್ತಿ ಬರುವವಳು. ನಾನು ಪಾತ್ರೆ ತಿಕ್ಕುತ್ತಾ ಬಚ್ಚಲಿನ ಸಪ್ಪಳ ಕೇಳುತ್ತಾ ಕುಳಿತೆ. ಆಗ ನನಗೆ ಬಂದ ಬೈಗುಳಗಳೆಲ್ಲ ನನಗೇ ಇದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಅಂಜಲಿ ಮುಖ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಬಟ್ಟಲಲ್ಲಿ ಮಿಕ್ಕಿದ್ದ ಸಾಬಕ್ಕಿ ಹಿಟ್ಟನ್ನು ನೋಡಿದಳು. "ಅಜ್ಜಿ, ಒಣಗಿಸದ ಹಸೀವೇ ಕುದಿಸಿದ್ರ ಏನಾಗ್ತದ್ರಿ?"

"ಹಸೀವು ಯಾರು ಕುದಿಸ್ತಾರಬೇ? ಒಣಗಬೇಕು, ಡಬ್ಬಿ ತುಂಬಬೇಕು."

"ಡಬ್ಬಿ ತುಂಬಾಕ ಈಗ ಯಾರ ಮದುವಿ ಅದರೀ?"

ಅವಳ ಬಾಯಿಂದ ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಎದ್ದು ಒಲೆ ಹಚ್ಚಿದೆ. ಬೆಲ್ಲದ ನೀರು ಕುದಿಸಿದೆ, ನಾದಿದೆ. ಅವಳೂ ಕೈಹಚ್ಚಿ ಹೊಸೆದಳು. ಹೊಸೆದದ್ದನ್ನು ಹೊಸೆದಂತೆಯೇ ನೀರಿಗೆ ಹಾಕಿದೆವು. ಗುಂಡುಗಳು ತಳದಲ್ಲಿ ಸ್ವಲ್ಪ ಹೊತ್ತು ಕುಳಿತು, ಮೇಲೆದ್ದು ಬಂದು, ಮಿರಿಮಿರಿ ಮಿಂಚಿದವು. ಚಹಾ ಆರಿಸಿ, ಹಾಲು ಸೇರಿಸಿ, ಫ್ರಿಜ್ಜಿನ ಬರ್ಫ ಹಾಕಿ ಕೊಟ್ಟೆ. ದಪ್ಪ ಕೊಳವೆ ಇರಲಿಲ್ಲ, ಚಮಚ ಕೊಟ್ಟೆ. ಅವಳು ಕುಡಿದಳು. ಮೌನೇಶ ಬಕೆಟ್ ಹಿಡಿದು ಒಂದು ಕಡೆ, ನಾನು ಟವೆಲ್ ಹಿಡಿದು ಇನ್ನೊಂದು ಕಡೆ.

"ಇಬ್ರೂ ಹಿಂಗ ನೋಡಾಕತ್ರ ಬರದ ವಾಂತಿನೂ ಬರ್ತದ. ಹೋಗ್ರಿ ಅತ್ಲಾಗ" ಎಂದಳು.

ಹೋದೆವು. ದೀಪ ಹಚ್ಚುವ ಹೊತ್ತಾದರೂ ಬಕೆಟ್ ಒಣಗಿಯೇ ಇತ್ತು. ಬೆಳಿಗ್ಗೆ ಎದ್ದವಳೇ ಅರ್ಧ ರೊಟ್ಟಿ, ಪುಂಡಿಪಲ್ಯ ಬೇಕು ಎಂದಳು. ಅವತ್ತು ನಾನು ರೊಟ್ಟಿ ಬಡಿದ ಸಪ್ಪಳಕ್ಕೆ ನಿದ್ದೆ ಕೆಟ್ಟಿತು ಎಂದು ಯಲ್ಲಮ್ಮ ತಕರಾರು ಹೇಳಿದಳು. ಬೀಗಿತ್ತಿ ಬಂದಾಗ ಮಗಳು ತಾಟು ನೆಕ್ಕುತ್ತಿದ್ದಳು. ಬೀಗಿತ್ತಿ ಒಂದು ಗ್ಲಾಸು ಬಬಲ್ ಟೀ ಕುಡಿದು, ಮಗಳ ಬಟ್ಟೆಗೆಂದು ತಂದಿದ್ದ ಖಾಲಿ ಚೀಲದೊಂದಿಗೆ ವಾಪಸು ಹೋದಳು. ಸಲೈನಿನ ಮಾತು ಅಲ್ಲಿಗೆ ಮುಗಿಯಿತು.

ಈಗ ಅಂಜಲಿಗೆ ಆ ಚಹಾ ಬೇಡವೇ ಬೇಡ, ಉಪ್ಪಿನಕಾಯಿ ಬೇಕು. ಮಿಕ್ಕಿದ ಸಾಬಕ್ಕಿ ಹಿಟ್ಟಿಗೆ ಹುಳ ಹತ್ತಬಾರದಲ್ಲ ಎಂದು ನಾನೇ ಮಧ್ಯಾಹ್ನಕ್ಕೊಮ್ಮೆ ಒಂದಿಷ್ಟು ಗುಂಡು ಹೊಸೆದುಕೊಳ್ಳುತ್ತೇನೆ. ಆ ಹಿಟ್ಟು ಎಂದೋ ಮುಗಿಯಿತು. ಆಮೇಲೆ ಎರಡು ಸಲ ಸಂತೆಯಿಂದ ತರಿಸಿದ್ದೇನೆ. ಮೊನ್ನೆ ಹಿತ್ತಲಲ್ಲಿ ಒಬ್ಬಳೇ ಕುಳಿತು ಚಮಚದಿಂದ ಕೊನೆಯ ಗುಂಡನ್ನು ಬೆನ್ನಟ್ಟುತ್ತಿದ್ದೆ. ಅಂಜಲಿ ಬಾಗಿಲಲ್ಲಿ ಬಂದು ನಿಂತಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಗ್ಲಾಸು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಿ, ನಿಮಗೆಷ್ಟು ತಿಂಗಳು ನಡದಾವ್ರಿ?"