ಕೆಂಪು ಕಾರಿನಲ್ಲಿ ಬೀಳ್ಕೊಡುಗೆ

ಫೋನು ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಉಮಾಶಂಕರ ಮನೆಯ ಮುಂದೆ ಹಿಮ ಎತ್ತುತ್ತಿದ್ದ. ಹಿಂದಿನ ದಿನದಿಂದ ಬಿಡದೆ ಸುರಿದ ಹಿಮ ಸ್ಟೌಫ್‌ವಿಲ್ ಎಂಬ ಪರದೇಶದ ಊರಿನ ಆ ಹೊಸ ಬಡಾವಣೆಯ ಮನೆಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಬೇಯಿಸಿದ ಇಡ್ಲಿಗಳಂತೆ ಮಾಡಿಟ್ಟಿತ್ತು. ಅವನು ಒಂದು ಸಲಿಕೆ ಎತ್ತಿ ಹಾಕಿದರೆ ಆಕಾಶ ಎರಡು ಸಲಿಕೆ ಸುರಿಯುತ್ತಿತ್ತು.

ಬಾಗಿಲು ತೆರೆಯಿತು. ಮಂಗನ ಟೋಪಿಯೊಳಗಿಂದ ಮೂಗನ್ನಷ್ಟೇ ಹೊರಗೆ ಹಾಕಿ ಮಾವ ಶೇಖಪ್ಪನವರು ವಾರ್ತೆ ಓದುವವರಂತೆ ಹೇಳಿದರು:

“ಜಯಾ ಫೋನ್ ಮಾಡಿದ್ಲು. ಆಕೀಗೆ ಇವತ್ತ ಲಗೂನ ಬರಾಕ ಆಗಂಗಿಲ್ಲಂತ.”

ಉಮಾಶಂಕರನ ಕೈಯಿಂದ ಸಲಿಕೆ ಜಾರಿತು. ಮಾವನವರು ಊರಿಗೆ ಹೋಗುವ ವಿಮಾನ ಅಂದು ಸಂಜೆ ಏಳೂವರೆಗೆ. ಹೆಂಡತಿ ಜಯಶೀಲಾ ಮಿಸಿಸಾಗದ ಆಫೀಸಿನಿಂದ ಎರಡು ಗಂಟೆಗೆ ವ್ಯಾನು ತರುವುದು, ಎಲ್ಲರೂ ಕೂಡಿ ವಿಮಾನ ನಿಲ್ದಾಣಕ್ಕೆ ಹೋಗುವುದು ಎಂದು ಒಂದು ತಿಂಗಳಿಂದ ನಿಶ್ಚಯವಾಗಿತ್ತು. ಟ್ಯಾಕ್ಸಿಯವರಿಗೆ ಫೋನು ಮಾಡಿದರೆ, ಈ ಹಿಮದಲ್ಲಿ ಐದಾರು ತಾಸಾದರೂ ಕಾಯಬೇಕು, ಬಂದರೆ ಬಂದೆವು ಎಂದರು. ಇನ್ನು ಮನೆಯಲ್ಲಿ ಉಳಿದಿದ್ದ ಗಾಡಿ ಒಂದೇ. ಅದು ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು.

ಉಮಾಶಂಕರ ಲಿಫ್ಟ್ ರಿಪೇರಿ ಕೆಲಸದವನು. ಇಪ್ಪತ್ತು ವರ್ಷ ಮೇಲೆ ಕೆಳಗೆ ಓಡಾಡಿದವನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಮ್ಮೆಯಾದರೂ ಜೋರಾಗಿ ಮುಂದಕ್ಕೆ ಹೋಗಬೇಕು ಅನ್ನಿಸಿತು. ಕಳೆದ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ತಂದ. ಕೆಂಪು ಬಣ್ಣ, ಎರಡೇ ಬಾಗಿಲು, ಕೈಯಲ್ಲಿ ಹಾಕುವ ಗೇರು. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಗಾಲಿಗಳಿಗೆ. ಹಿಂದೆ ಹೆಸರಿಗೊಂದು ಸೀಟಿತ್ತು. ಅದರಲ್ಲಿ ಮನುಷ್ಯರನ್ನು ಕೂರಿಸುವುದಕ್ಕಿಂತ ತೆಂಗಿನಕಾಯಿ ಇಡುವುದು ಒಳ್ಳೆಯದು. ಜಯಶೀಲಾ ಅದನ್ನು ಒಂದು ಸುತ್ತು ನೋಡಿ, “ನವೆಂಬರದಿಂದ ಏಪ್ರಿಲ್‌ವರೆಗೆ ಇದು ಗ್ಯಾರೇಜ್ ಬಿಟ್ಟು ಹೊರಗ ಬಂದ್ರ ನಾ ಮನಿ ಬಿಟ್ಟು ಹೊರಗ ಹೋಗ್ತೀನಿ” ಎಂದಿದ್ದಳು. ಅಂದಿನಿಂದ ಚಳಿಗಾಲದ ಭಾನುವಾರಗಳಲ್ಲಿ ಉಮಾಶಂಕರ ಗ್ಯಾರೇಜಿನೊಳಗೇ ಅದರಲ್ಲಿ ಕೂತು ಸ್ಟೇರಿಂಗು ಸವರಿ ಬರುತ್ತಿದ್ದ. ಹಿಮದ ಟೈರು ಹಾಕಿಸಿದರೆ ಸಂಶಯ ಬಂದೀತೆಂದು ಅದನ್ನೂ ಹಾಕಿಸಿರಲಿಲ್ಲ.

ಹೆಂಡತಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಅವಳು “ಯಾವ ಗಾಡ್ಯಾಗ ಹೊಂಟೀರಿ?” ಎಂದು ಕೇಳದೆ ಬಿಡುವುದಿಲ್ಲ. ಆದ್ದರಿಂದ ಕೇಳಲಿಲ್ಲ.

ಇನ್ನೊಂದು ಅವಸರವೂ ಅವನಿಗಿತ್ತು. ಶೇಖಪ್ಪನವರು ನವಲಗುಂದ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸೆಪ್ಟೆಂಬರಿನಲ್ಲಿ ಮಗಳ ಮನೆಗೆ ಬಂದವರು ಈ ಐದು ತಿಂಗಳಲ್ಲಿ ಅಳಿಯನೊಡನೆ ಆಡಿದ ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುವಷ್ಟು. ಅವನು ವ್ಯಾನು ಓಡಿಸುವಾಗ ಪಕ್ಕದಲ್ಲಿ ಕೂತು, ಅವನು ಬ್ರೇಕು ಒತ್ತುವುದಕ್ಕೆ ಒಂದು ಕ್ಷಣ ಮೊದಲೇ ತಮ್ಮ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು. ಪ್ರತಿ ತಿರುವಿನಲ್ಲೂ “ಹೂಂ” ಎನ್ನುತ್ತಿದ್ದರು. ಆ ಹೂಂಗೆ ಎಷ್ಟು ಅಂಕ ಎಂಬುದು ಅವನಿಗೆ ಒಮ್ಮೆಯೂ ತಿಳಿಯಲಿಲ್ಲ. ಇವತ್ತು ಮಾವನವರು ವಿಮಾನ ಹತ್ತಿದರೆ ಪರೀಕ್ಷೆ ಮುಗಿದಂತೆ ಎಂದುಕೊಂಡಿದ್ದ.

ಒಂದೂವರೆಗೆ ಸಾಮಾನು ಇಳಿಯಿತು. ಸಣ್ಣ ಪೆಟ್ಟಿಗೆ ಡಿಕ್ಕಿಯಲ್ಲಿ ಹಿಡಿಸಿತು. ಅರ್ಧ ನವಲಗುಂದಕ್ಕೆ ಹಂಚುವ ಚಾಕಲೇಟು ತುಂಬಿದ ದೊಡ್ಡ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ತುರುಕಿದ್ದಾಯಿತು. ಶೇಖಪ್ಪನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂದಿನ ಟೈರನ್ನು ಬೂಟಿನಿಂದ ತಟ್ಟಿದರು.

“ಹಿಂದಿನ ಗಾಲಿ ಎಳೀತಾವೇನ್ರಿ, ಅಳಿಯಾರ?”

“ಹೌದ್ರಿ, ಮಾವಾರ.”

“ಬಸ್ಸಿನಂಗ,” ಎಂದು ಹೇಳಿ ಮಾವನವರು ಒಳಗೆ ಕೂತರು.

ಗ್ಯಾರೇಜಿನಿಂದ ಕಾರು ಹಿಮ್ಮುಖವಾಗಿ ಹೊರಗೆ ಬಂದದ್ದು ಚೆನ್ನಾಗಿಯೇ ಬಂತು. ರಸ್ತೆಗೆ ತಿರುಗಿಸಿ ಉಮಾಶಂಕರ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಗರ್ಜಿಸಿತು. ಮುಂಭಾಗ ಇದ್ದಲ್ಲೇ ಇತ್ತು, ಹಿಂಭಾಗ ಮಾತ್ರ ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೊರಳಿತು. ಕೊನೆಗೆ ಸಂತೆಯಿಂದ ಮನೆಗೆ ಬರಲೊಲ್ಲದ ಎಮ್ಮೆಯ ಹಾಗೆ ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು.

ಎದುರು ಮನೆಯ ಬಾಗಿಲು ತೆರೆಯಿತು. ಬೆಂಗಳೂರಿನ ಚಂದ್ರಮೋಹನ, ಸಾಫ್ಟ್‌ವೇರಿನವನು, ಮನೆಯಿಂದಲೇ ಕೆಲಸ ಮಾಡುವುದರಿಂದ ಓಣಿಯ ಎಲ್ಲ ಸುದ್ದಿಗೂ ಮೊದಲು ಹಾಜರಾಗುವವನು. ಕಾಫಿ ಕಪ್ಪು ಹಿಡಿದೇ ಬಂದ.

“ಏನ್ ಸಾರ್, ಸ್ನೋದಲ್ಲಿ ಸ್ಪೋರ್ಟ್ಸ್ ಕಾರಾ? ಅದೂ ರಿಯರ್ ವೀಲು? ನಾನೊಂದು ವಿಡಿಯೋ ನೋಡಿದೀನಿ. ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಫುಲ್ ಕೊಡಿ. ನಾನು ಹಿಂದಿಂದ ತಳ್ತೀನಿ.”

ಉಮಾಶಂಕರ ಫುಲ್ ಕೊಟ್ಟ. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ, ಅಡಿಯಲ್ಲಿದ್ದ ಕೆಸರು ಹಿಮವನ್ನೆಲ್ಲ ಎತ್ತಿ ಚಂದ್ರಮೋಹನನ ಮೈಮೇಲೆ ಹಾಕಿದವು. ಅವನು ಕಾಫಿ ಕಪ್ಪು ಸಮೇತ ಹಿಟ್ಟಿನ ಗಿರಣಿಯಿಂದ ಬಂದವನಂತೆ ಕಾಣಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಮ್ಮ, ಮೈಸೂರಿನ ನಿವೃತ್ತ ಟೀಚರು, ಶಾಲು ಹೊದ್ದು ಒಂದು ಡಬ್ಬಿ ಹಿಡಿದು ಬಂದರು. “ಗಾಲಿ ಕೆಳಗೆ ಮರಳು ಹಾಕ್ಬೇಕಪ್ಪಾ. ಮರಳಿಲ್ಲ, ರಂಗೋಲಿ ಪುಡಿ ಇದೆ. ಮೈಸೂರಿಂದ ತಂದದ್ದು, ಪರವಾಗಿಲ್ಲ, ಹಾಕಿ.” ಎರಡು ವರ್ಷ ಕಾಪಾಡಿಕೊಂಡಿದ್ದ ಪುಡಿಯನ್ನು ಅವರೇ ಬಗ್ಗಿ ಗಾಲಿಗಳ ಮುಂದೆ ಎರಡು ಸಾಲಾಗಿ ಸುರಿದರು. ಕಾರು ಒಂದು ಗೇಣು ಮುಂದೆ ಬಂದು, ಎರಡು ಗೇಣು ಪಕ್ಕಕ್ಕೆ ಜಾರಿ, ಚಂದ್ರಮೋಹನನ ನೀಲಿ ಕಸದ ಡಬ್ಬಿಯನ್ನು ಕೆಡವಿತು. ಖಾಲಿ ಹಾಲಿನ ಡಬ್ಬಗಳು ಇಳಿಜಾರಿನಲ್ಲಿ ಉರುಳಿ ಹೋದವು.

ಚಂದ್ರಮೋಹನನಿಗೆ ಕರುಣೆ ಬಂತೋ, ಡಬ್ಬಿಯ ಚಿಂತೆ ಬಂತೋ, “ಸಾರ್, ಸಾಕು. ನನ್ನ ಎಸ್‌ಯುವಿ ಇದೆ, ನಾಲ್ಕೂ ವೀಲು ಎಳೆಯುತ್ತೆ. ಬನ್ನಿ ಅಂಕಲ್, ನಾನೇ ಡ್ರಾಪ್ ಮಾಡ್ತೀನಿ” ಎಂದ.

ಉಮಾಶಂಕರನಿಗೆ ಹೋದ ಜೀವ ಬಂದಂತಾಯಿತು. ಇಳಿಯಲು ಬೆಲ್ಟು ಬಿಚ್ಚಿದ. ಆದರೆ ಶೇಖಪ್ಪನವರು ಕೂತಲ್ಲಿಂದ ಅಲುಗಲಿಲ್ಲ.

“ಬ್ಯಾಡ್ರಿ. ಅಳಿಯಾರ ಗಾಡಿ ಇರೂ ಮುಂದ ಮಂದಿ ಗಾಡ್ಯಾಗ ಯಾಕ ಹೋಗೂದು?”

ಉಮಾಶಂಕರ ಬೆಲ್ಟನ್ನು ಮತ್ತೆ ಹಾಕಿಕೊಂಡ. ಹದಿಮೂರು ವರ್ಷದ ಅಳಿಯತನದಲ್ಲಿ ಇಂಥ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಇಷ್ಟು ಅಭಿಮಾನವನ್ನು ಈ ಮನುಷ್ಯ ಆ ಹೂಂನೊಳಗೇ ಇಟ್ಟುಕೊಂಡಿದ್ದರಲ್ಲ ಎಂದು ಮರುಗಿದ. ಆ ಮರುಕದ ಭರದಲ್ಲೇ ಮತ್ತೆ ಜೋರಾಗಿ ಒತ್ತಿದ. ಗಾಲಿಗಳು ಇನ್ನೂ ಆಳಕ್ಕೆ ಕುಳಿ ತೋಡಿಕೊಂಡವು.

ಈಗ ಶೇಖಪ್ಪನವರು ಇಳಿದರು. ಡ್ರೈವರ್ ಕಡೆಗೆ ಬಂದು ಗಾಜು ತಟ್ಟಿದರು.

“ತಮ್ಮಾ, ಇಳಿ.”

ಅಳಿಯಾರ ಎಂಬುದು ಯಾವಾಗ ತಮ್ಮಾ ಆಯಿತು ಎಂದು ಯೋಚಿಸುವ ಮೊದಲೇ ಉಮಾಶಂಕರ ಇಳಿದುಬಿಟ್ಟಿದ್ದ. “ಮಾವಾರ, ಇಲ್ಲಿ ಲೈಸೆನ್ಸು ಬೇಕಾಗತೈತ್ರಿ...”

ಶೇಖಪ್ಪನವರು ಕೋಟು ಬಿಚ್ಚಿ, ಸ್ವೆಟರ್ ಎತ್ತಿ, ಬನಿಯನ್ನಿನ ಕಿಸೆಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಅದರೊಳಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟು. ಫೋಟೋದಲ್ಲಿ ಶೇಖಪ್ಪನವರು ನಗುತ್ತಿದ್ದರು. ಅವರು ನಕ್ಕದ್ದನ್ನು ಉಮಾಶಂಕರ ನೋಡಿದ್ದು ಅದೇ ಮೊದಲು.

“ಧಾರವಾಡದಾಗ ಮಾಡಿಸ್ಕೊಂಡ ಬಂದಿದ್ದೆ. ಐದ ತಿಂಗಳಾತು, ಯಾರೂ ಕೇಳಲಿಲ್ಲ.”

ಮುಂದಿನದೆಲ್ಲ ಅವರ ಹುಕುಮಿನಂತೆ ನಡೆಯಿತು. “ಖಾಲಿ ಬಸ್ಸ ಹಿಂಗs ಕುಣೀತೈತಿ. ಹಿಂದ ಭಾರ ಬೇಕು. ನೀ ಹಿಂದಿನ ಸೀಟಿಗೆ ಹೋಗು, ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೋ.” ಉಮಾಶಂಕರ ಮೊಣಕಾಲು ಕಿವಿಗೆ ತಾಗುವಂತೆ ಮಡಚಿಕೊಂಡು ಹಿಂದೆ ಸೇರಿದ. ಪೆಟ್ಟಿಗೆ ಅವನ ಮೇಲೆ ಕೂತಿತು. ಅವನು ಮುದ್ದಿನಿಂದ ತರಿಸಿದ್ದ ಕಾಲುಹಾಸುಗಳನ್ನು ಮಾವನವರು ಕಿತ್ತು ಗಾಲಿಗಳಡಿ ಹಾಸಿದರು. ಡ್ರೈವರ್ ಸೀಟಿನಲ್ಲಿ ಕೂತು ಗೇರಿಗೆ ಎಡಗೈ ಚಾಚಿದರೆ ಅದು ಬಾಗಿಲಿಗೆ ಬಡಿಯಿತು. “ಹೌದಲ್ಲ, ಇಲ್ಲಿ ಎಲ್ಲಾ ಉಲ್ಟಾ,” ಎಂದು ಬಲಗೈ ಇಟ್ಟರು. ಒಂದನೆಯ ಗೇರು ಬಿಟ್ಟು ನೇರ ಎರಡನೆಯದು ಹಾಕಿದರು. ಮಲಗಿದ ಕೂಸಿನ ತಲೆಯಡಿಯಿಂದ ಕೈ ಬಿಡಿಸಿಕೊಳ್ಳುವಂತೆ ಕ್ಲಚ್ಚು ಬಿಟ್ಟರು.

ಕಾರು ಸದ್ದಿಲ್ಲದೆ ಹೊರಟಿತು.

ಪದ್ಮಮ್ಮ ಚಪ್ಪಾಳೆ ತಟ್ಟಿದರು. ಚಂದ್ರಮೋಹನ ಕಾಲುಹಾಸು ಎತ್ತಿಕೊಂಡು ಬೆನ್ನಟ್ಟಿ ಬಂದ. ಶೇಖಪ್ಪನವರು ನಿಲ್ಲಿಸಲಿಲ್ಲ. “ಏರಿನ್ಯಾಗ ನಿಂತ್ರ ಮತ್ತ ಅದs ಗತಿ,” ಎಂದರು.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದಾಗ ಹಿಮ ತೆಗೆದು ಉಪ್ಪು ಹಾಕಿದ್ದರು. ಶೇಖಪ್ಪನವರ ಮಾತು ಶುರುವಾಯಿತು. ಐದು ತಿಂಗಳು ಡಿಪೋದಲ್ಲೇ ನಿಂತಿದ್ದ ಮಾತು.

“ನಮ್ಮ ಎರಿ ನೆಲ ನೀ ನೋಡಿಲ್ಲೇನ? ಮಳಿ ಬಂತಂದ್ರ ರಸ್ತಾ ಅನ್ನೂದು ಬೆಣ್ಣಿ. ಬ್ರೇಕ್ ಮುಟ್ಟಿದ್ಯೋ, ಬಸ್ಸ ನಿನ್ನ ಮಾತ ಕೇಳಂಗಿಲ್ಲ. ಹಿಂಬದಿ ಯಾ ಕಡೆ ಹೊಕ್ಕೈತಿ, ಸ್ಟೇರಿಂಗ್ ಆ ಕಡೇನ ತಿರುವಬೇಕು. ಸಿಟ್ಟ ಮಾಡಬಾರದು. ಇದೂ ಅಷ್ಟs. ಅದು ಕರೇದು, ಇದು ಬಿಳೇದು.”

ಹಳ್ಳಕ್ಕೆ ಇಳಿದಿದ್ದ ದೊಡ್ಡ ಗಾಡಿಯೊಂದನ್ನು ದಾಟುವಾಗ “ಪಾಪ, ಅವಸರ ಮಾಡ್ಯಾನ” ಎಂದರು. ಜಯಶೀಲಾ ನಾಲ್ಕು ವರ್ಷದವಳಿದ್ದಾಗ ಭಾನುವಾರ ಬಸ್ಸಿನ ಎಂಜಿನ್ ಮುಚ್ಚಳದ ಮೇಲೆ ಕೂತು ಗದಗದವರೆಗೆ ಬರುತ್ತಿದ್ದಳಂತೆ. ಬಿಸಿಗೆ ಹಾಗೇ ನಿದ್ದೆ ಹೋಗುತ್ತಿದ್ದಳಂತೆ. ಅವಳು ಎಚ್ಚರಾಗಬಾರದೆಂದು ಅವರು ಗದಗ ಬರುವ ತನಕ ಹಾರ್ನು ಹೊಡೆಯುತ್ತಿರಲಿಲ್ಲವಂತೆ. “ಪ್ಯಾಸೆಂಜರ್ ಮಂದಿ ಬೈತಿದ್ರು. ಬೈಲಿ ಬಿಡು,” ಎಂದರು ಶೇಖಪ್ಪನವರು.

ಪೆಟ್ಟಿಗೆಯ ಹಿಂದಿನಿಂದ ಉಮಾಶಂಕರನಿಗೆ ಕಾಣುತ್ತಿದ್ದದ್ದು ಮಾವನವರ ಒಂದು ಕಿವಿ ಮಾತ್ರ. ಮಾತಾಡುವಾಗ ಅದು ಅಲುಗುತ್ತಿತ್ತು. ಈ ಕಿವಿಯ ಜೊತೆ ಐದು ತಿಂಗಳು ಮನೆಯಲ್ಲಿದ್ದೂ ಒಂದು ಮಾತಾಡಲಿಲ್ಲವಲ್ಲ, ಇವತ್ತು ಕಳಿಸಬೇಕಾಯಿತಲ್ಲ ಎಂದು ಅವನು ಪೇಚಾಡಿಕೊಂಡ. ಇನ್ನೊಂದು ತಿಂಗಳು ಇದ್ದು ಹೋಗ್ರಿ ಅನ್ನಬೇಕಿತ್ತು.

ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಅವನ ಎರಡೂ ಕಾಲು ಜೋಮು ಹಿಡಿದಿದ್ದವು. ಮಾವನವರೇ ಕಂಕುಳಿಗೆ ಕೈ ಹಾಕಿ ಎಳೆದು ನಿಲ್ಲಿಸಿದರು. ಕುಂಟುತ್ತ ಕೌಂಟರಿಗೆ ಹೋಗಿ ಟಿಕೆಟು ಕೊಟ್ಟ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಸೌಜನ್ಯದಿಂದ ನಕ್ಕಳು. ಹಿಮದ ಕಾರಣ ಈ ವಿಮಾನ ನಾಳೆ ಸಂಜೆ ಹೊರಡುತ್ತದೆ, ಟಿಕೆಟು ತೆಗೆದವರಿಗೆ ಬೆಳಿಗ್ಗೆಯೇ ಇಮೇಲ್ ಹೋಗಿದೆ ಎಂದಳು.

ಟಿಕೆಟು ತೆಗೆದವಳು ಜಯಶೀಲಾ. ಅವನು ಫೋನು ತೆಗೆಯುವಷ್ಟರಲ್ಲಿ ಅವಳದೇ ಕರೆ ಬಂತು.

“ಎಲ್ಲದೀರಿ? ಮನ್ಯಾಗ ಯಾರೂ ಇಲ್ಲ!”

“ಏರ್‌ಪೋರ್ಟಿನ್ಯಾಗ.”

“ಅಲ್ಲ್ಯಾಕ? ವಿಮಾನ ನಾಳಿಗೆ ಹೋಗೇತಿ, ಅದಕ್ಕ ನಾ ಲಗೂನ ಬರಂಗಿಲ್ಲ ಅಂತ ಹನ್ನೊಂದಕ್ಕs ಅಪ್ಪಗ ಹೇಳೇನಲ್ಲ! ನಿಮಗ ಹೇಳ್ಲಿಲ್ಲೇನ?”

ಉಮಾಶಂಕರ ತಿರುಗಿ ನೋಡಿದ. ಶೇಖಪ್ಪನವರು ಪೆಟ್ಟಿಗೆಯ ಜಿಪ್ಪನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಅವನು ಫೋನಿನ ಮೇಲೆ ಕೈ ಮುಚ್ಚಿದ.

“ಮಾವಾರ, ಜಯಾ ಏನ್ ಹೇಳಿದ್ಲ್ರಿ?”

“ಆಕೀಗೆ ಬರಾಕ ಆಗಂಗಿಲ್ಲಂತ ಹೇಳಿದ್ಲು. ನಾ ಹೇಳಿದ್ನಲ್ಲ.”

“ಉಳದದ್ದು?”

ಶೇಖಪ್ಪನವರು ಜಿಪ್ಪು ಬಿಟ್ಟರು. “ಮೂವತ್ನಾಕ ವರ್ಷ ಸರಕಾರಿ ಬಸ್ಸ ಹೊಡದೇನಿ, ತಮ್ಮಾ. ಇಂಥಾದ್ದು ಒಂದ ದಿನಾನೂ ಹೊಡದಿಲ್ಲ. ದಿನಾ ಗ್ಯಾರೇಜಿನ ಕಿಡಕಿಯಿಂದ ನೋಡತಿದ್ದೆ. ನಾಳೆ ಜಯಾ ವ್ಯಾನ್ ತರತಾಳ, ಆಮ್ಯಾಲ ಮುಗೀತು. ನೀ ಒಮ್ಮೆ ಹಿಮದಾಗ ಹೊರಗ ತಗದ್ರ ಸಾಕು, ಸಿಕ್ಕೊಳ್ಳೂದು ಗ್ಯಾರಂಟಿ, ಸಿಕ್ಕೊಂಡ ಮ್ಯಾಲ ನನ್ನ ಕೈಗೆ ಬರತೈತಿ ಅಂತ...”

“ಕೇಳಿದ್ರ ಕೊಡತಿದ್ದಿಲ್ಲೇನ್ರಿ ನಾನು?”

“ಅಳಿಯಾರ ಕಡೆ ಹೆಂಗ ಕೇಳೂದು?”

ಮಂದಿಯ ಗಾಡಿ ಬೇಡವೆಂದ ಆ ಅಭಿಮಾನ ಯಾವುದರ ಮೇಲಿನದೆಂದು ಈಗ ಉಮಾಶಂಕರನಿಗೆ ತಿಳಿಯಿತು. ಸಿಟ್ಟು ಬರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. ಫೋನಿನೊಳಗೆ ಜಯಶೀಲಾ “ರೀ, ಯಾವ ಗಾಡ್ಯಾಗ ಹೋಗೀರಿ?” ಎಂದು ಮೂರನೆಯ ಸಲ ಕೇಳುತ್ತಿದ್ದಳು.

ಅವನು ಉಸಿರೆಳೆದುಕೊಂಡ. “ಕೆಂಪು ಕಾರಿನ್ಯಾಗ. ಮಾವಾರು ಹೇಳಿದ್ರು, ನಾನs ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು. ನಾನs ಹೊಡ್ಕೊಂಡ ಬಂದೆ.”

ಆ ಕಡೆಯಿಂದ ಜಯಶೀಲಾ, “ಹುಷಾರಾಗಿ ಬರ್ರಿ. ಬಂದ ಕೂಡ್ಲೆ ಕೀಲಿ ನನ್ನ ಕೈಯಾಗ. ಏಪ್ರಿಲ್ ಅಲ್ಲ, ಜೂನ್ ಬಂದ್ರೂ ಕೊಡಂಗಿಲ್ಲ,” ಎಂದು ಫೋನು ಇಟ್ಟಳು.

ಪಾರ್ಕಿಂಗ್‌ಗೆ ಮರಳಿ ಬಂದಾಗ ಉಮಾಶಂಕರ ಪೆಟ್ಟಿಗೆಯನ್ನು ಹಿಂದೆ ಹಾಕಿ ಮುಂದಿನ ಸೀಟಿನಲ್ಲಿ ಕೂರಲು ಹೋದ. ಡ್ರೈವರ್ ಸೀಟಿನಲ್ಲಿ ಆಗಲೇ ಕೂತಿದ್ದ ಶೇಖಪ್ಪನವರು ಕನ್ನಡಿ ಸರಿಮಾಡಿಕೊಳ್ಳುತ್ತ, “ಹಿಂದ,” ಎಂದರು.

“ಈಗ ರಸ್ತಾ ಸ್ವಚ್ಛ ಐತಲ್ರಿ!”

“ನಮ್ಮ ಓಣ್ಯಾಗ ಏರು ಐತಿ.”

ಉಮಾಶಂಕರ ಹಿಂದೆ ಮಡಚಿಕೊಂಡ. ಪೆಟ್ಟಿಗೆ ಮತ್ತೆ ತೊಡೆಯೇರಿತು. ಕಾರು ಸದ್ದಿಲ್ಲದೆ ಇಳಿಜಾರು ಇಳಿದು ಸಂಜೆಯ ಹಿಮದೊಳಗೆ ಬಂತು.

“ಜಯಾ ಸಿಟ್ಟಾದ್ಲೇನ?” ಎಂದು ಕಿವಿ ಕೇಳಿತು.

“ಕೀಲಿ ಕಸ್ಕೋತಾಳಂತ್ರಿ.”

ಶೇಖಪ್ಪನವರು ಸ್ಟೇರಿಂಗು ಒಮ್ಮೆ ಸವರಿದರು. “ನಾಳೆನೂ ಇದರಾಗs ಬರೂಣು. ಆಕೀಗೆ ನಾ ಹೇಳ್ತೀನಿ.”

ಚಾಕಲೇಟಿನ ಪೆಟ್ಟಿಗೆಗೆ ಗಲ್ಲ ಒತ್ತಿಕೊಂಡೇ ಉಮಾಶಂಕರ, “ಹೇಳ್ರಿ, ಮಾವಾರ. ಆದ್ರ ಅರ್ಧಾನs ಹೇಳ್ರಿ,” ಎಂದ.

“ಹೂಂ,” ಎಂದು ಶೇಖಪ್ಪನವರು ಮೆಲ್ಲಗೆ ಗೇರು ಬದಲಿಸಿದರು.